ಮುಗಿದ ಮನೆಯಲ್ಲಿ ಕಾಣದ ಸಾರುವೆ

ಕೇಳಿ ಮಕ್ಕಳೇ, ಈ ಕಥೆಯ ಅಕ್ಷರ ಅಕ್ಷರವೂ ನಿಜ. ಸುಳ್ಳಾದರೆ ನಿಮ್ಮ ಮಾವ ಮೀಸೆ ಬೋಳಿಸಿಕೊಳ್ಳುತ್ತಾನೆ. ಮೀಸೆಯೇ ಇಲ್ಲವಲ್ಲ ಅಂತ ಹಲ್ಲು ಕಿಸಿಯಬೇಡಿ, ಅದು ಹೋದ ಕಥೆಯ ಆಣೆಗೆ ಹೋಯಿತು.

ಕಲ್ಲಂದೂರು ಅಂತ ಒಂದು ರಾಜ್ಯ. ಅದಕ್ಕೊಬ್ಬ ರಾಜ. ಅವನ ರಾಣಿ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಅವತ್ತಿನಿಂದ ಅರಮನೆಯಲ್ಲಿ ನಗಾರಿ ಇಲ್ಲ, ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದೂ ಇಲ್ಲ. ರಾಜ ಒಂದೇ ಮಾತು ಹೇಳಿದ: "ಊರ ನಡುವೆ ಒಂದು ಹೆರಿಗೆ ಮನೆ ಕಟ್ಟಿ. ಗಾಳಿ ಬೆಳಕು ಬರಲಿ, ಮೇಲೊಂದು ಗುಮ್ಮಟ ಇರಲಿ. ಕಡಿಮೆ ಖರ್ಚಿನಲ್ಲಿ ಮುಗಿಸಿದವರಿಗೆ ನನ್ನ ಕೈಯ ಚಿನ್ನದ ಕಡಗ." ಅಷ್ಟು ಹೇಳಿ ರಾಣಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡ.

ಕಡಗದ ಮೇಲೆ ದಿವಾನ ಸಂಪಂಗಯ್ಯನ ಕಣ್ಣು ಬಿತ್ತು.

ಆ ರಾಜ್ಯದಲ್ಲಿ ಆಗಲೇ ಕಂಪ್ಯೂಟರ್ ಇತ್ತು. ಕರೆಂಟು ಎಲ್ಲಿತ್ತು ಅಂತೀರಾ? ಹೊರಗೆ ಜೋಡಿ ಎತ್ತು ಗಾಣ ಸುತ್ತುತ್ತಿದ್ದವು, ಒಳಗೆ ಪರದೆ ಬೆಳಗುತ್ತಿತ್ತು. ಎತ್ತು ನಿಂತರೆ ಪರದೆ ಕಪ್ಪು. ಆ ಎತ್ತುಗಳಿಗೆ ಹುಲ್ಲು ಹಾಕಿದವನೇ ನಾನು, ಬೇಕಾದರೆ ಎತ್ತುಗಳನ್ನೇ ಕೇಳಿ.

ಆ ಪರದೆಯ ಮುಂದೆ ಕೂರುತ್ತಿದ್ದವಳು ಮಲ್ಲಾಜಮ್ಮ. ನೆಲದ ಮೇಲೆ ಕಟ್ಟುವ ಮೊದಲೇ ಇಡೀ ಮನೆಯನ್ನು ಪರದೆಯೊಳಗೆ ನಿಲ್ಲಿಸುತ್ತಿದ್ದಳು. ಗೋಡೆ ಮುಟ್ಟಿದರೆ ಇಷ್ಟು ಇಟ್ಟಿಗೆ, ಇಷ್ಟು ಸುಣ್ಣ ಅಂತ ಅದೇ ಹೇಳುತ್ತಿತ್ತು. ಕಿಟಕಿ ಒಂಚೂರು ಹಿಗ್ಗಿಸಿದರೆ ಖರ್ಚಿನ ಲೆಕ್ಕವೂ ತಾನಾಗಿ ಬದಲಾಗುತ್ತಿತ್ತು. ಅವಳಿಗೆ ತನ್ನವರು ಅಂತ ಇದ್ದದ್ದು ಒಬ್ಬನೇ ತಮ್ಮ, ಚಿಕ್ಕೀರ. ಗಾರೆ ಕೆಲಸದವನು. ಗುಮ್ಮಟ ಕಟ್ಟಲು ಹತ್ತಬೇಕಾದವನು ಅವನೇ.

ಹೆರಿಗೆ ಮನೆ ಪರದೆಯಲ್ಲಿ ಎದ್ದು ನಿಂತಿತು. ಅದರ ಸುತ್ತ ಮಲ್ಲಾಜಮ್ಮ ಸಾರುವೆಯನ್ನೂ ಬರೆದಿದ್ದಳು. ಸಾರುವೆ ಅಂದರೆ ಗಾರೆಯವರು ನಿಂತು ಕೆಲಸ ಮಾಡಲು ಗಳು, ಅಂದರೆ ಉದ್ದ ಮರದ ಕೋಲು, ಕಟ್ಟಿದ ಅಟ್ಟಣೆ.

ದಿವಾನ ಬಗ್ಗಿ ನೋಡಿದ. "ಇದೇನಮ್ಮ, ಮನೆಗೆ ಬೇಲಿ ಸುತ್ತಿದ ಹಾಗೆ?"

"ಸಾರುವೆ ಬುದ್ದಿ. ಗಟ್ಟಿ ಗಳು, ಹಲಗೆ, ಹಗ್ಗ."

"ಮನೆ ಮುಗಿದ ಮೇಲೂ ಇರುತ್ತದೋ?"

"ಇಲ್ಲ ಬುದ್ದಿ. ಬಿಚ್ಚಿಬಿಡುತ್ತೇವೆ."

"ಮುಗಿದ ಮನೆಯಲ್ಲಿ ಕಾಣದ್ದಕ್ಕೆ ಖರ್ಚು ಯಾಕೆ? ಅಳಿಸು."

"ಮತ್ತೆ ನಿಲ್ಲೋದು ಯಾತರ ಮೇಲೆ ಬುದ್ದಿ?"

"ಕುದುರೆ ಲಾಯ ಕಟ್ಟಿದಾಗಿನ ಬಿದಿರು ಹಿತ್ತಲಲ್ಲಿ ಬಿದ್ದಿದೆಯಲ್ಲ. ಅಳಿಸು ಅಂದೆ!"

ಅಳಿಸಿದಳು. ಖರ್ಚು ಇಳಿಯಿತು. ಪರದೆಯ ಮನೆ ಒಂದಿಷ್ಟೂ ಅಲ್ಲಾಡಲಿಲ್ಲ. ಅದಕ್ಕೇನು, ಅದನ್ನು ಯಾರೂ ಹತ್ತಿ ಕಟ್ಟಿರಲಿಲ್ಲ.

ಮನೆಗೆ ಬಂದು ತಮ್ಮನಿಗೆ ಹೇಳಿದಳು: "ಹತ್ತಬೇಡ ಕಣೋ. ಆ ಬಿದಿರಿಗೆ ಹುಳ ಹಿಡಿದಿದೆ."

"ನಾನು ಹತ್ತದಿದ್ದರೆ ಇನ್ಯಾರದೋ ತಮ್ಮ ಹತ್ತುತ್ತಾನೆ ಅಕ್ಕ" ಅಂದ ಚಿಕ್ಕೀರ. ಅಂದು, ಅವಳ ತಟ್ಟೆಯಲ್ಲಿದ್ದ ಮುದ್ದೆಯಲ್ಲೂ ಅರ್ಧ ಕಿತ್ತುಕೊಂಡು ತಿಂದ.

ಗೋಡೆ ಎದ್ದಿತು. ಒಂದು ದಿನ ಬಿದಿರು ಲಟಕ್ಕೆಂದು ಮುರಿದು ಗಾರೆಯ ಬಾಣಲಿ ಕೆಳಗೆ ಬಿತ್ತು. ಮಲ್ಲಾಜಮ್ಮ ಓಡಿಹೋಗಿ, "ಬುದ್ದಿ, ಸಾರುವೆ ಕೊಡಿಸಿ" ಅಂದಳು. ದಿವಾನ ಪರದೆ ಅವಳತ್ತ ತಿರುಗಿಸಿದ. "ಎಲ್ಲಿದೆ ಸಾರುವೆ? ತೋರಿಸು."

ಗೋಡೆ ಇನ್ನೂ ಎದ್ದಿತು. ಇನ್ನೊಂದು ದಿನ ಬಿದಿರು ಮುರಿದು ಮುದುಕ ಗಾರೆಯವನೊಬ್ಬ ಬಿದ್ದು ಕೈ ಮುರಿದುಕೊಂಡ. ಮತ್ತೆ ಓಡಿದಳು. "ಬುದ್ದಿ, ಕಾಲಿಗೆ ಬೀಳುತ್ತೇನೆ." ದಿವಾನ ಮತ್ತೆ ಪರದೆ ತಿರುಗಿಸಿದ. "ಎಲ್ಲಿದೆ? ತೋರಿಸು."

ಗುಮ್ಮಟ ಮುಚ್ಚುವ ದಿನ ಆಕಾಶ ಬೂದಿ ಬಳಿದ ಹಾಗಿತ್ತು, ಸೋನೆ ಹಿಡಿದಿತ್ತು. ಬಿದಿರು ಮೂರನೆಯ ಸಲ ಮುರಿಯಿತು. ಮೇಲಿದ್ದವನು ಚಿಕ್ಕೀರ. ಹೆದರಬೇಡಿ, ಹೆದರಬೇಡಿ! ಅಲ್ಲೊಂದು ಹಗ್ಗ ನೇತಾಡುತ್ತಿತ್ತು. ಅದು ಅವನ ಕೈಗೆ ಸಿಕ್ಕಿತು. ಬದುಕಿಕೊಂಡ.

ಆಮೇಲೆ ಅವನೆಲ್ಲಿ ಹೋದ ಅಂತೀಯಾ ಪುಟ್ಟಿ? ಮನೆಯಲ್ಲಿ ಮಲಗಿದ್ದ. ನಡುವೆ ಬಾಯಿ ಹಾಕಬೇಡ, ಮುಂದೆ ಕೇಳು.

ಅವತ್ತು ಮಲ್ಲಾಜಮ್ಮ ದಿವಾನನ ಹತ್ತಿರ ಓಡಲಿಲ್ಲ. ಆಮೇಲೆ ದಿನಾ ತಟ್ಟೆಗೆ ಮುದ್ದೆ ಹಾಕಿಕೊಂಡು, ಅರ್ಧ ಮುರಿದು ಪಕ್ಕಕ್ಕಿಡುತ್ತಿದ್ದಳು.

ಕಳಶ ಇಡುವ ದಿನ ಬಂತು. ರಾಜ ಬಾಗಿಲು ತೆರೆದು ಹೊರಗೆ ಬಂದ. ಅವನ ಗಡ್ಡ ಎದೆ ಮುಟ್ಟಿತ್ತು. ಕಳಶ ತಾನೇ ಇಡುತ್ತೇನೆ ಅಂತ ದಿವಾನನ ಹಟ. ಅವನು ಹತ್ತಬೇಕಲ್ಲ? ರಾತ್ರೋರಾತ್ರಿ ಗಟ್ಟಿ ಗಳು ಬಂದವು, ಹೊಸ ಹಲಗೆ ಬಂತು, ಹಿಡಿದುಕೊಳ್ಳಲು ರೇಷ್ಮೆ ಸುತ್ತಿದ ಹಗ್ಗವೂ ಬಂತು. ಮಲ್ಲಾಜಮ್ಮ ಆ ಹಗ್ಗವನ್ನು ಬಹಳ ಹೊತ್ತು ನೋಡಿದಳು.

ದಿವಾನ ಹತ್ತಿದ. ಕಳಶ ಇಟ್ಟ. ಮೇಲಿನಿಂದ ಕೈ ಬೀಸಿದ. ರಾಜ ಕೇಳಿದ: "ಮುಗಿಯಿತೇ?"

"ಮುಗಿಯಿತು ಮಹಾಸ್ವಾಮಿ" ಅಂದಳು ಮಲ್ಲಾಜಮ್ಮ. ಗಾರೆಯವರ ಕಡೆ ತಿರುಗಿ, "ಮುಗಿದ ಮನೆಯಲ್ಲಿ ಸಾರುವೆ ಇರಬಾರದು, ದಿವಾನರ ಮಾತು. ಬಿಚ್ಚಿ" ಅಂದಳು.

ಗಾರೆಯವರು ಬಿಚ್ಚಿದರು. ಹಲಗೆ ಹೋಯಿತು, ಗಳು ಹೋದವು, ಹಗ್ಗ ಹೋಯಿತು. ಸೋನೆಗೆ ನೆನೆದ ಗುಮ್ಮಟದ ಮೇಲೆ ದಿವಾನ ಕಳಶ ತಬ್ಬಿಕೊಂಡು ಉಳಿದ.

"ಏಯ್! ಇಳಿಯೋದು ಹೇಗೆ?"

ಮಲ್ಲಾಜಮ್ಮ ಪರದೆಯನ್ನು ಎರಡು ಕೈಯಲ್ಲಿ ಮೇಲೆತ್ತಿ ಹಿಡಿದಳು. "ಇಳಿಯೋ ದಾರಿ ಎಲ್ಲಿದೆ ಬುದ್ದಿ? ತೋರಿಸಿ."

"ಇದರಲ್ಲಿ ಇಲ್ಲ! ಅಳಿಸಿ ಹೋಗಿದೆ! ಸಾರುವೆ ಅಳಿಸು ಅಂದವನು ನಾನೇ ಮಹಾಸ್ವಾಮಿ, ಕಡಗದ ಆಸೆಗೆ!"

ರಾಜ ಮಲ್ಲಾಜಮ್ಮನ ಮುಖ ನೋಡಿದ. ಅಂಥ ಮುಖವನ್ನು ಅವನು ಕನ್ನಡಿಯಲ್ಲಿ ನೋಡಿ ಬಲ್ಲ. "ಕಡಿಮೆ ಖರ್ಚು ಅಂದವನು ನಾನೇ" ಅಂತ ಕಡಗ ಕಳಚಿ ಬಾವಿಗೆ ಎಸೆದ. ದಿವಾನನನ್ನು ಇಳಿಸಿ ಅಪ್ಪಣೆ ಮಾಡಿದ: ಇನ್ನು ಮೇಲೆ ರಾಜ್ಯದಲ್ಲಿ ಎಲ್ಲೇ ಸಾರುವೆ ಕಟ್ಟಲಿ, ಮೊದಲು ಹತ್ತಿ ಕುಣಿದು ನೋಡಬೇಕಾದವನು ಸಂಪಂಗಯ್ಯ. ಅವನು ಕುಣಿಯುವುದನ್ನು ನಾನೇ ನೋಡಿದ್ದೇನೆ. ತಾಳ ಹಾಕಿದವನೂ ನಾನೇ.

ಮಲ್ಲಾಜಮ್ಮ ಆಮೇಲೆ ಎಷ್ಟೋ ಮನೆಗಳನ್ನು ಪರದೆಯಲ್ಲಿ ನಿಲ್ಲಿಸಿದಳು. ಪ್ರತಿ ಸಲವೂ ಗೋಡೆಗಿಂತ ಮೊದಲು ಒಂದು ಹಗ್ಗ ಬರೆಯುತ್ತಿದ್ದಳು.

ನೀತಿ ಇಷ್ಟೇ ಮಕ್ಕಳೇ: ಮುಗಿದ ಮನೆಯಲ್ಲಿ ಕಾಣದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ, ಅದರ ಮೇಲೆ ಒಂದು ಜೀವ ನಿಂತಿರುತ್ತದೆ.

ಎಲ್ಲ ನಿಜ. ಎತ್ತು ನಿಜ, ಗಾಣ ನಿಜ, ಗುಮ್ಮಟದ ಮೇಲಿನ ದಿವಾನ ನಿಜ. ನೀವು ನಿದ್ದೆ ಮಾಡಲಿ ಅಂತ ಒಂದೇ ಒಂದು ಸಣ್ಣ ವಿಷಯ ನಾನು ಸೇರಿಸಿದ್ದು. ಚಿಕ್ಕೀರನ ಕೈಗೆ ಸಿಕ್ಕಿತು ಅಂದೆನಲ್ಲ, ಆ ಹಗ್ಗ.