ಹೆಬ್ಬೋರೆಯಲ್ಲಿ ತೆಗೆದ ಒಂದೇ ಚಿತ್ರ

ಚೆಲುವರಾಜನಿಗೆ ಗುರುಗಳ ಮೇಲೆ ಸಿಟ್ಟು ಬಂದು ಮೂರು ವರ್ಷವಾಗಿತ್ತು. ಇನ್ನೂ ಇಳಿದಿರಲಿಲ್ಲ.

ಗುರು ಜೀವಂಧರಯ್ಯನವರ ಮನೆ ಹೊಳೆಯ ದಂಡೆಯಲ್ಲಿತ್ತು. ಅವರು ಫೋಟೋ ತೆಗೆಯುವುದನ್ನು ಕಲಿಸುತ್ತಿದ್ದರು. ಕಲಿಸುತ್ತಿದ್ದರು ಎನ್ನುವುದು ಊರವರ ಮಾತು. ಚೆಲುವರಾಜನನ್ನು ಕೇಳಿದರೆ, ತಿಂಗಳುಗಟ್ಟಲೆ ಸುಮ್ಮನೆ ಕೂರಿಸುತ್ತಿದ್ದರು ಅಷ್ಟೆ.

ಜಗಲಿಯ ಗೋಡೆಗೆ ಒಂದು ಮರದ ಹಲಗೆ ಇತ್ತು. ಶಿಷ್ಯ ತೆಗೆದ ಚಿತ್ರವನ್ನು ಗುರುಗಳು ಆ ಹಲಗೆಗೆ ಗುಂಡುಪಿನ್ನಿನಿಂದ ಚುಚ್ಚಿದ ದಿನ ಅವನ ಕಲಿಕೆ ಮುಗಿಯಿತು. ಅಲ್ಲಿಯವರೆಗೆ ಯಾವ ಚಿತ್ರದ ಮೇಲೂ ಅವನು ತನ್ನ ಹೆಸರು ಹಾಕುವಂತಿಲ್ಲ. ಅದು ಆ ಮನೆಯ ಕಟ್ಟಳೆ.

ಮೂವತ್ತು ವರ್ಷದಲ್ಲಿ ಹಲಗೆ ಏರಿದ್ದು ನಾಲ್ಕು ಚಿತ್ರ.

ಚೆಲುವರಾಜನಿಗೆ ಆಗಲೇ ಇಪ್ಪತ್ತೊಂಬತ್ತು. ಅವನ ಓರಗೆಯವರೆಲ್ಲ ಪತ್ರಿಕೆಗಳಲ್ಲಿ ಹೆಸರು ಕಂಡುಕೊಂಡಿದ್ದರು. ಇವನ ಚಿತ್ರಗಳು ಮಾತ್ರ ‘ಸಂಗ್ರಹ ಚಿತ್ರ’ ಎಂದು ಅಚ್ಚಾಗುತ್ತಿದ್ದವು. ಅದನ್ನು ನೋಡಿದಾಗಲೆಲ್ಲ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಆ ವರ್ಷ ಹೆಬ್ಬೋರೆಯಲ್ಲಿ ಬ್ಲೂಸ್ ಹಬ್ಬ ಎಂದು ಸುದ್ದಿ ಬಂತು. ಹೆಬ್ಬೋರೆ ಬೆಟ್ಟದ ನೆತ್ತಿಯ ಮೇಲಿನ ಸಣ್ಣ ಹಳ್ಳಿ. ಸುತ್ತ ಕಾಫಿ ತೋಟ, ತೋಟದಲ್ಲಿ ದುಡಿಯುವವರ ಲೈನ್ ಮನೆಗಳು, ಒಂದು ಪುಟ್ಟ ಚರ್ಚು. ಪಟ್ಟಣದ ಸಂಗೀತಗಾರರು ಯಾರೋ ಅಲ್ಲಿಗೆ ಹೋಗಿದ್ದವರು, ತಮ್ಮ ಹಾಡಿಗೆ ಇದೇ ಸರಿಯಾದ ಜಾಗ ಎಂದು ತೀರ್ಮಾನಿಸಿದ್ದರಂತೆ.

“ಬ್ಲೂಸ್ ಅಂದ್ರೆ ಏನಯ್ಯ?” ಎಂದು ಗುರುಗಳು ಕೇಳಿದರು.

“ಅಮೆರಿಕದ ಹತ್ತಿ ಹೊಲಗಳಲ್ಲಿ ದುಡೀತಿದ್ದ ಕರಿಯ ಜನ ಕಟ್ಟಿದ ಹಾಡು ಮೇಷ್ಟ್ರೇ. ಕಷ್ಟದ ಹಾಡು. ಗಿಟಾರು, ಮೌತ್ ಆರ್ಗನ್ನು ಇರುತ್ತೆ.”

“ಕಷ್ಟದ ಹಾಡನ್ನ ಫೋಟೋದಲ್ಲಿ ಹೇಗೆ ಹಿಡೀತೀಯ?”

“ಮುಖದಲ್ಲಿ ಕಾಣುತ್ತಲ್ಲ ಮೇಷ್ಟ್ರೇ.”

“ಹೂಂ” ಎಂದರು ಗುರುಗಳು. ಈ ಹೂಂ ಒಂದನ್ನು ಕೇಳಿದರೆ ಚೆಲುವರಾಜನಿಗೆ ಆಗುತ್ತಿರಲಿಲ್ಲ. “ನಡಿ, ನಾನೂ ಬರ್ತೀನಿ.”

ಬೆಟ್ಟದ ಬುಡದಿಂದ ಜೀಪು. ಓಡಿಸುತ್ತಿದ್ದವನ ಹೆಸರು ಸೈಮನ್. ಪ್ರತಿ ತಿರುವಿನಲ್ಲೂ ಅವನು ಜೀಪನ್ನು ಎತ್ತಿನ ಗಾಡಿಯ ಹಾಗೆ ನಿಧಾನಿಸುತ್ತಿದ್ದ. ಬೆಳಕು ಜಾರಿಹೋಗುತ್ತದೆ, ಬೇಗ ನಡಿಯಪ್ಪ ಎಂದು ಚೆಲುವರಾಜ ಮೂರು ಸಲ ಹೇಳಿದ. ಸೈಮನ್ ಮೂರು ಸಲವೂ ತಲೆಯಾಡಿಸಿ, ಮೊದಲಿನಂತೆಯೇ ಓಡಿಸಿದ.

ಗುರುಗಳ ಮಡಿಲಲ್ಲಿ ಅವರ ಹಳೇ ಪೆಟ್ಟಿಗೆ ಕ್ಯಾಮೆರಾ ಇತ್ತು. ಅದನ್ನು ಕಣ್ಣಿಗೆ ಹಿಡಿಯುವಂತಿಲ್ಲ. ಹೊಟ್ಟೆಯ ಮುಂದಿಟ್ಟುಕೊಂಡು ಮೇಲಿನಿಂದ ಇಣುಕಬೇಕು. ರೀಲಿಗೆ ಹನ್ನೆರಡೇ ಚಿತ್ರ. ಹನ್ನೆರಡೂ ತುಂಬದೆ ಅವರು ರೀಲು ತೊಳೆದು ಪ್ರಿಂಟು ಹಾಕುತ್ತಿರಲಿಲ್ಲ. ಹೋದ ಯುಗಾದಿಗೆ ಹಾಕಿದ ರೀಲನ್ನು ದೀಪಾವಳಿಗೆ ತೊಳೆದಿದ್ದರು. ಈಗ ಒಳಗಿದ್ದದ್ದು ಹೊಸ ರೀಲು.

ಚೆಲುವರಾಜನ ಬೆನ್ನಿಗೆ ಎರಡು ಕ್ಯಾಮೆರಾ, ನಾಲ್ಕು ಲೆನ್ಸು ತುಂಬಿದ ಕಪ್ಪು ಚೀಲ. ಭಾರಕ್ಕೆ ಹರಿದಿದ್ದ ಚೀಲಕ್ಕೆ ಅವನೇ ನೀಲಿ ಬಟ್ಟೆಯ ತೇಪೆ ಹಾಕಿಕೊಂಡಿದ್ದ.

ಚರ್ಚಿನ ಮುಂದಿನ ಬಯಲಿನಲ್ಲಿ ಮೊಣಕಾಲೆತ್ತರದ ವೇದಿಕೆ ಕಟ್ಟಿದ್ದರು. ಊರಿನವರು ಬೆಳಿಗ್ಗೆಯೇ ಬಂದು ಗೋಣಿಚೀಲ ಹಾಸಿ, ಮೇಲೊಂದು ಕಲ್ಲಿಟ್ಟು ಜಾಗ ಹಿಡಿದುಹೋಗಿದ್ದರು. ಮಧ್ಯಾಹ್ನ ಎಲ್ಲರೂ ಬಂದು ಅವರವರ ಕಲ್ಲು ತೆಗೆದು ಕೂತರು.

ಗುರುಗಳು ಮೊದಲ ಸಾಲಿನಲ್ಲಿ ಯಾವುದೋ ಮುದುಕಿಯ ಗೋಣಿಚೀಲದ ಅಂಚಿನಲ್ಲಿ ಕೂತುಬಿಟ್ಟರು. ಆಕೆ ಸೆರಗಿನಿಂದ ಕಡಲೆಕಾಯಿ ಬಿಚ್ಚಿ ಕೊಟ್ಟಳು. ಇಬ್ಬರೂ ಸುಲಿದು ತಿನ್ನುತ್ತ ಮಾತಿಗಿಳಿದರು.

ಇವರು ಬಂದಿದ್ದಾದರೂ ಯಾಕೆ ಎಂದು ಚೆಲುವರಾಜ ಹಲ್ಲು ಕಡಿದ.

ಅವನ ಕಷ್ಟ ಅವನಿಗೆ. ಮಂಜು ಇಳಿದು ಲೆನ್ಸು ಮಬ್ಬಾಯಿತು. ಒರೆಸಿದ. ಮತ್ತೆ ಮಬ್ಬಾಯಿತು. ಕರೆಂಟು ಹೋಯಿತು. ಬಂತು. ಗಿಟಾರಿನವನ ಟೋಪಿಯ ನೆರಳು ಅವನ ಮುಖವನ್ನೇ ನುಂಗಿತು. ಹಾಡುವಾಕೆ ಮೈಕನ್ನು ಬಾಯಿಂದ ಇಳಿಸಲೇ ಇಲ್ಲ. ಇದ್ದ ಒಂದೇ ಒಳ್ಳೆಯ ಜಾಗ ವೇದಿಕೆಯ ಮುಂದೆ, ನಟ್ಟನಡುವೆ. ಅವನು ಅಲ್ಲಿ ಕಾಲು ಅಗಲಿಸಿ ನಿಂತ.

“ಒಸಿ ಕುತ್ಕೊ ಮಗ” ಎಂದು ಹಿಂದಿನಿಂದ ಮುದುಕಿಯ ದನಿ ಬಂತು. “ಕಾಣಕಿಲ್ಲ.”

“ಒಂದ್ನಿಮಿಷ ಅಜ್ಜಿ.”

ಗಂಟೆ ಕಳೆಯಿತು. ನಿಮಿಷ ಮುಗಿಯಲಿಲ್ಲ.

ಆಮೇಲೆ ಹಬ್ಬದವರು ಊರಿನವರಿಗೂ ಒಂದು ಹಾಡಿರಲಿ ಎಂದು ಸೈಮನ್‌ನನ್ನು ಕರೆದರು. ಜೀಪಿನವನು ನಾಚಿಕೊಳ್ಳುತ್ತ ವೇದಿಕೆ ಹತ್ತಿ, ಜೇಬಿನಿಂದ ಹಳೆಯ ಮೌತ್ ಆರ್ಗನ್ ತೆಗೆದು, ಕುರ್ಚಿಯ ತುದಿಯಲ್ಲಿ ಕೂತ. ಇವನನ್ನೇನು ತೆಗೆಯುವುದು ಎಂದು ಚೆಲುವರಾಜ ಲೆನ್ಸು ಬದಲಿಸತೊಡಗಿದ.

ಸೈಮನ್ ಕಣ್ಣು ಮುಚ್ಚಿ ಊದಿದ.

ಚೆಲುವರಾಜ ಲೆನ್ಸಿನ ಮುಚ್ಚಳವನ್ನು ಕೆಳಕ್ಕೆ ಬಿಸಾಡಿ ಕ್ಯಾಮೆರಾ ಎತ್ತಿದ. ಮೂರು ವರ್ಷದಿಂದ ಹುಡುಕುತ್ತಿದ್ದ ಮುಖ ಅದು. ಹಣೆಯ ನರ ಎದ್ದಿತ್ತು, ರೆಪ್ಪೆ ನಡುಗುತ್ತಿತ್ತು.

“ಮಗ, ಒಸಿ ಪಕ್ಕಕ್ಕೆ ಸರಿ. ಈ ಒಂದು ಹಾಡಿಗಾದ್ರೂ.”

ಅವನು ತಿರುಗಲಿಲ್ಲ. ಒಂದು ಕೈಯನ್ನು ಹಿಂದಕ್ಕೆ ಚಾಚಿ, ತಾಳಿ ಎಂದು ಅಂಗೈ ತೋರಿಸಿದ. ಹಬ್ಬಕ್ಕೆ ಬರುವವರಿಗೆ ಕೆಲಸ ಮಾಡುವವರ ಕಷ್ಟ ಎಲ್ಲಿ ತಿಳಿಯಬೇಕು ಎಂದು ಅವನಿಗೆ ರೇಗಿತ್ತು.

ಅವನ ಕ್ಯಾಮೆರಾದ ಪಟಪಟದ ನಡುವೆ ಹಿಂದಿನಿಂದ ಒಂದು ಸಣ್ಣ ಟಕ್ ಕೇಳಿಸಿತು. ಗುರುಗಳು ಅಂತೂ ಒಂದು ಚಿತ್ರ ತೆಗೆದಿದ್ದರು.

ಮೂರನೆಯ ದಿನ ಸೈಮನ್‌ನ ಮುಖವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ಚೆಲುವರಾಜ ಜಗಲಿಗೆ ತಂದ. ಗುರುಗಳು ಬಹಳ ಹೊತ್ತು ನೋಡಿದರು.

“ಇವನಿಗೆ ತಾಯಿ ಇದ್ದಾಳೆ” ಎಂದರು.

“ಇರಬಹುದು ಮೇಷ್ಟ್ರೇ.”

“ಹೋಗಿ ಆಕೆಗೆ ತೋರಿಸು. ಚೆನ್ನಾಗಿದೆ ಅಂದ್ರೆ ಹಲಗೆಗೆ ಚುಚ್ತೀನಿ.”

ಫೋಟೋದ ಗಂಧವೇ ಇಲ್ಲದ ಯಾರೋ ಹೆಂಗಸಿನ ಬಾಯಲ್ಲಿ ತನ್ನ ಮೂರು ವರ್ಷವನ್ನು ಇಡುವುದೇ ಎಂದು ಚೆಲುವರಾಜನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಯಾವ ತಾಯಿ ಮಗನ ಫೋಟೋವನ್ನು ಚೆನ್ನಾಗಿಲ್ಲ ಎಂದಾಳು? ಹಾಗೆಂದುಕೊಂಡು ಬೆಟ್ಟ ಹತ್ತಿದ.

ಲೈನ್ ಮನೆಯ ಬಾಗಿಲಲ್ಲಿ ಸೈಮನ್‌ನ ತಾಯಿ ಲೂರ್ದಮ್ಮ ಕಾಫಿ ಬೀಜ ಹಸನು ಮಾಡುತ್ತ ಕೂತಿದ್ದಳು. ಸೈಮನ್ ಜೀಪು ತೆಗೆದುಕೊಂಡು ಕೆಳಗೆ ಹೋಗಿದ್ದ. ಚೆಲುವರಾಜ ತಾನು ಹಬ್ಬದಲ್ಲಿ ಫೋಟೋ ತೆಗೆದವನು ಎಂದ. ಅವಳು ಕಣ್ಣು ಕಿರಿದು ಮಾಡಿ ಅವನ ಮುಖ ನೋಡಿದಳು. ಗುರುತು ಹತ್ತಲಿಲ್ಲ.

“ಒಸಿ ತಿರುಗು ಮಗ.”

ಅವನು ಏನೆಂದು ತಿಳಿಯದೆ ತಿರುಗಿದ.

“ಹೌದು, ನೀನೇಯ. ಈ ನೀಲಿ ತೇಪೆ ನೋಡ್ಕೊಂಡೇ ಹಬ್ಬ ಕಳದೆ ಕಣಪ್ಪ. ಯಾರು ಹೊಲ್ದಿದ್ದು? ಹೊಲಿಗೆ ಎಲ್ಲಾ ಸೊಟ್ಟ.”

ಅವನ ಕಿವಿ ಬಿಸಿಯಾಯಿತು. “ನಿಮ್ಮ ಮಗ ಅಂತ ಒಂದು ಮಾತು ಹೇಳಬಹುದಿತ್ತಲ್ಲ ಅಜ್ಜಿ.”

“ಬೆನ್ನಿಗೆ ಏನಂತ ಹೇಳಲಿ?”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಅವನು ಪ್ರಿಂಟು ಕೊಟ್ಟ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಅಂಚಿನಲ್ಲಿ ಹಿಡಿದು ನೋಡಿದಳು.

“ಚೆನ್ನಾಗದೆ. ಅವ್ನೇ ಎದ್ದು ಬಂದಂಗದೆ.”

ಬಂದ ಕೆಲಸವಾಯಿತು. ಎದ್ದು ಬರಬಹುದಿತ್ತು. ಆದರೆ ಅವಳು ಪ್ರಿಂಟಿನ ಕೆಳಗಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು, ಅದರಾಚೆಗೂ ಏನೋ ಇದ್ದೀತು ಎನ್ನುವಂತೆ.

“ಕಾಲು ಬಂದಿಲ್ವಾ ಮಗ?”

“ಕಾಲಾ?”

“ಅವ್ನ ಕಾಲು. ಊದುವಾಗ ಎಡಗಾಲ ಹಿಮ್ಮಡಿ ಕುಟ್ತಿದ್ನಾ?”

ಚೆಲುವರಾಜ ಪ್ರಿಂಟಿನತ್ತ ಬಗ್ಗಿದ.

“ಅವರಪ್ಪ ಕುಟ್ಟೋನು” ಎಂದಳು ಲೂರ್ದಮ್ಮ. “ಅದೇ ಮೌತಾರ್ಗನ್ನು. ತೋಟದಿಂದ ಬಂದು, ಈ ಬಾಗಿಲ ಪಕ್ಕ ಕುಂತು ಊದೋನು. ಅಲ್ಲಿ ನೋಡು.”

ಬಾಗಿಲ ಪಕ್ಕದ ಮಣ್ಣುನೆಲದಲ್ಲಿ ಒಂದು ಹಿಮ್ಮಡಿ ಹಿಡಿಸುವಷ್ಟು ತಗ್ಗಿತ್ತು.

“ಇಪ್ಪತ್ತು ವರ್ಷ ಕುಟ್ಟಿದ್ದು. ಸಾರ್ಸುವಾಗ ನಾನು ಅದನ್ನ ಮುಚ್ಚಕಿಲ್ಲ. ಅವನು ಹೋದ ಮ್ಯಾಲೆ ಸೈಮನ್ನು ಮನೇಲಿ ಊದೋದೇ ಬಿಟ್ಟ. ಊದಿದ್ರೆ ಅವ್ವ ಅಳ್ತಾಳೆ ಅಂತ. ಎಲ್ಲೋ ಜೀಪು ನಿಲ್ಲಿಸ್ಕೊಂಡು ಊದ್ತನಂತೆ. ನಾ ಕಂಡಿಲ್ಲ. ಹಬ್ಬದಲ್ಲಿ ಊದ್ತಾನೆ ಅಂದ್ರು. ಅಪ್ಪನ ಹಂಗೇ ಹಿಮ್ಮಡಿ ಕುಟ್ತಾನಾ ಅಂತ ನೋಡಾನ ಅಂದ್ಕೊಂಡು, ಕೋಳಿ ಕೂಗೋ ಹೊತ್ಗೇ ಹೋಗಿ ಗೋಣಿಚೀಲ ಹಾಸ್ದೆ.”

ಚೆಲುವರಾಜ ಕ್ಯಾಮೆರಾ ತೆಗೆದು ಅದರಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ಸರಿಸಿದ. ಸೈಮನ್‌ನವೇ ಇನ್ನೂರ ಹತ್ತು. ಕಣ್ಣು, ತುಟಿ, ಬೆರಳು, ಹಣೆಯ ಬೆವರು. ಮತ್ತೆ ಕಣ್ಣು. ಒಂದರಲ್ಲೂ ಕಾಲಿರಲಿಲ್ಲ.

“ಬ್ಯಾಡ ಬಿಡು. ನೀ ಹತ್ರದಲ್ಲೇ ನಿಂತಿದ್ದೆಯಲ್ಲ, ಬಾಯಲ್ಲೇ ಹೇಳು” ಎಂದಳು ಲೂರ್ದಮ್ಮ. “ಕುಟ್ತಿದ್ನಾ?”

ಹೌದು ಅಂದುಬಿಟ್ಟಿದ್ದರೆ ಮುದುಕಿಗೆ ಖುಷಿಯಾಗುತ್ತಿತ್ತು. ನಾಲಗೆಯ ತುದಿಗೂ ಬಂತು. ಆದರೆ ಆ ತಗ್ಗಿನ ಎದುರು ಸುಳ್ಳು ಹೊರಡಲಿಲ್ಲ.

“ನಾನು ನೋಡಲಿಲ್ಲ ಅಜ್ಜಿ” ಎಂದ.

ಅವಳು ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಆಮೇಲೆ ಸೂಜಿದಾರ ತಂದು, ಚೀಲ ಇತ್ತ ಕೊಡು ಎಂದಳು. ಅವನು ಕಾಫಿ ಕುಡಿಯುವಷ್ಟರಲ್ಲಿ ತೇಪೆಯ ಹೊಲಿಗೆ ಬಿಚ್ಚಿ, ನೆಟ್ಟಗೆ ಹೊಲಿದುಕೊಟ್ಟಳು.

ಬೆಟ್ಟ ಇಳಿಯುವಾಗ ಅವನಿಗೆ ಗುರುಗಳ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಪ್ರಯತ್ನವನ್ನಂತೂ ಮಾಡಿದ.

“ಏನಂದ್ಲು?” ಎಂದು ಗುರುಗಳು ಜಗಲಿಯಿಂದಲೇ ಕೇಳಿದರು.

“ಚೆನ್ನಾಗಿದೆ ಅಂದ್ರು.”

ಗುರುಗಳು ಒಂದು ಗುಂಡುಪಿನ್ನು ಹಿಡಿದು ಹಲಗೆಯ ಹತ್ತಿರ ಹೋದರು. ಕೊಡು ಎಂದು ಕೈ ಚಾಚಿದರು.

ಮೂರು ವರ್ಷದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ ಗಳಿಗೆ ಅದು. ಚೆಲುವರಾಜ ಪ್ರಿಂಟನ್ನು ಚೀಲದಿಂದ ತೆಗೆಯಲಿಲ್ಲ.

“ಬೇಡಿ ಮೇಷ್ಟ್ರೇ.”

“ಯಾಕಯ್ಯ? ಮಾತು ಮಾತೇ. ಆಕೆ ಚೆನ್ನಾಗಿದೆ ಅಂದ್ಲಲ್ಲ.”

“ಆಕೆಗೆ ಬೇಕಾಗಿದ್ದು ಇದರಲ್ಲಿ ಇಲ್ಲ.”

ಅವನು ತಗ್ಗಿನ ವಿಷಯ ಹೇಳಿದ. ಹಿಮ್ಮಡಿಯ ವಿಷಯ, ಗೋಣಿಚೀಲದ ವಿಷಯ ಹೇಳಿದ. ಮುಖ ನೋಡಿ ಗುರುತು ಹಿಡಿಯದವಳು ಬೆನ್ನು ನೋಡಿ ಹಿಡಿದದ್ದನ್ನು ಹೇಳುವಾಗ ಅವನ ದನಿ ಇಳಿಯಿತು.

ಅಷ್ಟು ಹೇಳಿದ ಮೇಲೆ ಹಳೆಯ ಸಿಟ್ಟು ಒಮ್ಮೆಗೇ ಎದ್ದು ಬಂತು.

“ಅದು ಅವನ ತಾಯಿ ಅಂತ ನಿಮಗೆ ಗೊತ್ತಿತ್ತು. ಪಕ್ಕದಲ್ಲೇ ಕೂತು ಕಡಲೆಕಾಯಿ ತಿಂದ್ರಿ. ನನ್ನ ಕರೆದು ಒಂದು ಮಾತು ಹೇಳಬಾರದಿತ್ತಾ?”

“ಎರಡು ಸಲ ಕರೆದೆ” ಎಂದರು ಗುರುಗಳು. “ನೀನು ಅಂಗೈ ತೋರಿಸಿದೆ. ಅದರಲ್ಲಿ ಅರ್ಧ ನನಗೂ ಬಂತು.”



ಗುರುಗಳು ಗುಂಡುಪಿನ್ನನ್ನು ಡಬ್ಬಿಗೆ ಹಾಕಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಪ್ರಿಂಟಿತ್ತು. ಇನ್ನೂ ಪೂರ್ತಿ ಒಣಗಿರಲಿಲ್ಲ.

“ರೀಲು ತೊಳೆದುಬಿಟ್ರಾ?” ಚೆಲುವರಾಜನಿಗೆ ನಂಬಲಾಗಲಿಲ್ಲ. “ಹನ್ನೊಂದು ಖಾಲಿ ಇತ್ತಲ್ಲ.”

“ಹೋದ್ವು” ಎಂದರು ಗುರುಗಳು ಬೇಸರದಿಂದ. “ನೋಡು.”

ಚಿತ್ರದ ತುಂಬ ಅವನದೇ ಬೆನ್ನು. ಕಪ್ಪು ಚೀಲ, ಸೊಟ್ಟ ಹೊಲಿಗೆಯ ತೇಪೆ, ಹಿಂದಕ್ಕೆ ಚಾಚಿದ ಅಂಗೈ. ಒಂದು ಅಂಚಿನಲ್ಲಿ ಕತ್ತು ನೀಡಿ ಇಣುಕಲು ನೋಡುತ್ತಿದ್ದ ಲೂರ್ದಮ್ಮನ ಅರ್ಧ ಮುಖ. ವೇದಿಕೆ ಇಲ್ಲ, ಗಿಟಾರಿಲ್ಲ, ಹಬ್ಬವೇ ಇಲ್ಲ.

ಅವನು ಪ್ರಿಂಟನ್ನು ಕೆಳಗಿಡಲು ಹೋದ.

“ಕೆಳಗೆ ನೋಡಯ್ಯ” ಎಂದು ಗುರುಗಳು ರೇಗಿದರು. “ನಿನಗೆ ಕೆಳಗೆ ನೋಡಿ ಅಭ್ಯಾಸವೇ ಇಲ್ಲ.”

ಚಿತ್ರದ ಕೆಳಭಾಗದಲ್ಲಿ, ಅಗಲಿಸಿ ನಿಂತ ಅವನ ಎರಡು ಕಾಲುಗಳ ನಡುವೆ, ವೇದಿಕೆಯ ಒಂದು ತುಂಡು ಕಾಣುತ್ತಿತ್ತು. ಮಡಿಲಲ್ಲಿಟ್ಟ ಕ್ಯಾಮೆರಾಕ್ಕೆ ಮಾತ್ರ ಕಾಣುವ ಸಂದು ಅದು. ಅಲ್ಲಿ ಕುರ್ಚಿಯ ಕಾಲುಗಳಿದ್ದವು. ಅವುಗಳ ಮುಂದೆ ಸೈಮನ್‌ನ ಎಡಗಾಲು. ಬೆರಳು ನೆಲಕ್ಕೆ ಊರಿತ್ತು. ಹಿಮ್ಮಡಿ ಮೇಲೆದ್ದಿತ್ತು.

ಚೆಲುವರಾಜ ಪ್ರಿಂಟನ್ನು ಅಂಚಿನಲ್ಲಿ ಹಿಡಿದುಕೊಂಡ.

“ಇದನ್ನ ಆಕೆಗೆ ಕೊಟ್ಟು ಬರ್ಲಾ ಮೇಷ್ಟ್ರೇ?”

ಗುರುಗಳು ಪ್ರಿಂಟನ್ನು ತೆಗೆದುಕೊಂಡು ಹಿಂದುಮುಂದು ತಿರುಗಿಸಿ ನೋಡಿದರು. ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ಲನ್ನು ತೆಗೆದು ಅವನ ಕೈಗಿಟ್ಟರು.

“ಮೊದಲು ನಿನ್ನ ಹೆಸರು ಬರಿ. ಬೆನ್ನಿನ ಗುರುತು ಆಕೆಗೆ ಆಗಲೇ ಇದೆ.”