ಗಂಜಿಯ ಸಾಲಿನ ಮುಂದೆ ನಿಂತ ಲೂಡ್ವಿಕ್ ಸ್ವಾಮಿಗಳು

ಇಂಥ ಪುಣ್ಯಪುರುಷರ ಕಥೆಯನ್ನು ಬರೆಯುವ ಯೋಗ್ಯತೆ ನನಗಿಲ್ಲ. ನಾನು ನಮ್ಮೂರ ಚರ್ಚಿನಲ್ಲಿ ಗಂಟೆ ಹೊಡೆಯುವವನು, ಇದು ನನ್ನ ಮೊದಲ ಬರಹ. ತಪ್ಪಿದ್ದರೆ ಭಕ್ತರು ಕ್ಷಮಿಸಬೇಕು.

ಪೂಜ್ಯ ಲೂಡ್ವಿಕ್ ಸ್ವಾಮಿಗಳು ಪೋಲೆಂಡಿನ ಒಂದು ಹಳ್ಳಿಯ ಚರ್ಚಿನ ಗುರುಗಳು. ಯುದ್ಧಕಾಲದಲ್ಲಿ ನಾಜಿಗಳು ಅವರನ್ನು ಬಂಧಿಸಿ ಸೆರೆಶಿಬಿರಕ್ಕೆ ತಳ್ಳಿದ್ದರು. ಅಲ್ಲಿ ಅವರಿಗೆ ಪೂಜೆಯ ಉಡುಪಿರಲಿಲ್ಲ. ಎಲ್ಲರಂತೆ ಪಟ್ಟೆ ಅಂಗಿ, ಮರದ ಚಪ್ಪಲಿ, ಒಂದು ತಗಡಿನ ಬಟ್ಟಲು.

ಈ ಬಟ್ಟಲಿನ ವಿಷಯ ಬಿಡಿಸಿ ಹೇಳಬೇಕು. ಮಧ್ಯಾಹ್ನ ಒಂದು ಹಂಡೆ ಗಂಜಿ ಬರುತ್ತಿತ್ತು. ಬಡಿಸುವವನು ಅದನ್ನು ಕದಡುತ್ತಿರಲಿಲ್ಲ. ಹಾಗಾಗಿ ಮೊದಲು ನಿಂತವರಿಗೆ ಬರಿಯ ಬಿಸಿನೀರು, ಕೊನೆಯವರಿಗೆ ತಳದಲ್ಲಿದ್ದ ಆಲೂಗಡ್ಡೆ. ಎಲ್ಲರೂ ಹಿಂದಕ್ಕೆ ಸರಿಯಲು ಗುದ್ದಾಡುತ್ತಿದ್ದರು. ಕಾವಲುಗಾರರಿಗೆ ಅದೊಂದು ತಮಾಷೆ. ಸ್ವಾಮಿಗಳು ಮಾತ್ರ ದಿನವೂ ನೇರವಾಗಿ ಹೋಗಿ ಮೊದಲು ನಿಲ್ಲುತ್ತಿದ್ದರು.

ಆಗ ಬೋಹುಮಿಲ್ ಎಂಬ ರೈಲ್ವೆ ಕೆಲಸಗಾರ ಬಂದ. ದೇವರನ್ನು ನಂಬದವನು, ಶಿಬಿರದ ರೀತಿಯನ್ನೂ ಅರಿಯದವನು.

"ನೋಡ್ರಪ್ಪಾ! ಸ್ವರ್ಗದ ಊಟ ಸಾಲದು ಅಂತ ಸ್ವಾಮಿಗಳಿಗೆ ಇಲ್ಲೂ ಮೊದಲ ಪಂಕ್ತಿ!" ಎಂದು ಹಿಂದಿನಿಂದ ಕೂಗಿದ. ಯಾರೂ ನಗಲಿಲ್ಲ. ಉಣ್ಣಲು ಕುಳಿತಾಗ ಅವನ ಬಟ್ಟಲಿನಲ್ಲಿ ಆಲೂಗಡ್ಡೆ ಇತ್ತು, ಸ್ವಾಮಿಗಳ ಬಟ್ಟಲಿನಲ್ಲಿ ನೀರಿತ್ತು. ಅವನು ಬಟ್ಟಲು ಹಿಡಿದು ಅವರ ಪಕ್ಕಕ್ಕೆ ಬಂದು ಕೂತ.

"ಯಾಕೆ ಸ್ವಾಮಿ ಹೀಗೆ ಮಾಡ್ತೀರಿ?"

"ಯಾರಾದರೂ ಮೊದಲು ನಿಲ್ಲಲೇಬೇಕಲ್ಲಪ್ಪಾ" ಎಂದರು ಸ್ವಾಮಿಗಳು. ಅಷ್ಟೇ.

ಚಳಿಗಾಲದಲ್ಲಿ ಅವರ ಕಾಲುಗಳು ಊದಿಕೊಂಡವು. ನಡೆಯಲಾರದವರನ್ನು ಅಧಿಕಾರಿಗಳು ಆರಿಸಿ ಒಯ್ಯುತ್ತಿದ್ದರು, ಒಯ್ದವರು ಮರಳುತ್ತಿರಲಿಲ್ಲ. ಬೋಹುಮಿಲ್ ಕೈಮುಗಿದು ಬೇಡಿದ: "ಹಿಂದೆ ನಿಲ್ಲಿ ಸ್ವಾಮಿ. ಹೀಗೇ ಆದರೆ ನೀವು ಉಳಿಯೋದಿಲ್ಲ." ಸ್ವಾಮಿಗಳು ನಕ್ಕು, ಕುಂಟುತ್ತಾ ಮುಂದೆಯೇ ಹೋದರು.

ಆಗ ಬೋಹುಮಿಲ್ ಓಡಿ ಬಂದು ಅವರ ಮುಂದೆ ನಿಂತ. ಅವನ ಮುಂದೆ ಇನ್ನೊಬ್ಬ ಬಂದ. ನಿನ್ನೆ ಹಿಂದಿನ ಜಾಗಕ್ಕಾಗಿ ಕಚ್ಚಾಡಿದವರೇ ಒಬ್ಬೊಬ್ಬರಾಗಿ ಮುಂದೆ ಬಂದು ನಿಂತರು. ಯಾರೂ ಯಾರನ್ನೂ ತಳ್ಳಲಿಲ್ಲ. ನೋಡನೋಡುತ್ತಿದ್ದಂತೆ ಸ್ವಾಮಿಗಳು ಎಲ್ಲರಿಗಿಂತ ಹಿಂದಾದರು!

"ಏನ್ರೋ ಇದು? ಇವತ್ತು ಜಗಳ ಇಲ್ವಾ?" ಎಂದು ಕಾವಲುಗಾರ ಗದರಿದ.

"ನಮ್ಮ ಸ್ವಾಮಿಗಳಿಗೆ ಹಿಂದೆ ನಿಲ್ಲೋಕೆ ಬರೋದಿಲ್ಲ ಧಣಿ, ಕಲಿಸ್ತಾ ಇದ್ದೀವಿ" ಎಂದ ಬೋಹುಮಿಲ್. ಬೆನ್ನ ಮೇಲೆ ಏಟು ಬಿತ್ತು. ಅವನು ಕದಲಲಿಲ್ಲ, ಸಾಲೂ ಕದಲಲಿಲ್ಲ.

ಸ್ವಾಮಿಗಳು ಆಲೂಗಡ್ಡೆ ತುಂಬಿದ ಬಟ್ಟಲು ಹಿಡಿದು ಬೋಹುಮಿಲ್‌ನ ಬಳಿ ಬಂದು, "ಇವತ್ತು ನಾನು ಉಣ್ಣುತ್ತೇನೆ. ನಾಳೆ ಹಿಂದೆ ನಿಲ್ಲುವ ಸರದಿ ನಿನ್ನದು" ಎಂದರು. ಅಂದಿನಿಂದ ಅವರೆಲ್ಲ ಇದ್ದ ಶೆಡ್ಡಿನಲ್ಲಿ ಸರದಿಯೇ ನಿಯಮವಾಯಿತು. ಬಿಡುಗಡೆಯ ದಿನ ಸ್ವಾಮಿಗಳು ತಮ್ಮ ಕಾಲ ಮೇಲೆಯೇ ನಡೆದು ಹೊರಗೆ ಬಂದರು.

ಮುಂದೆ ಯಾರಾದರೂ, "ದೇವರನ್ನು ಕಂಡಿದ್ದೀಯಾ?" ಎಂದು ಕೇಳಿದರೆ ಬೋಹುಮಿಲ್ ಹೇಳುತ್ತಿದ್ದ: "ಕಂಡಿದ್ದೇನೆ. ಕುಂಟುತ್ತಾ ನನ್ನ ಹಿಂದೆ ನಿಂತಿದ್ದರು."

ಇದನ್ನು ನಾನು ಗೆಲುವು ಎನ್ನುತ್ತೇನೆ, ಏಕೆಂದು ವಿವರಿಸಬೇಕು. ಅಂದು ಬೇಲಿ ಬೀಳಲಿಲ್ಲ, ನಿಜ. ಗಂಜಿಯೂ ಹೆಚ್ಚಾಗಲಿಲ್ಲ. ಆದರೂ ಆ ಹೊತ್ತಿನಲ್ಲಿ ಕಾವಲುಗಾರನ ಕೈಯಲ್ಲಿ ದೊಣ್ಣೆಯೊಂದನ್ನು ಬಿಟ್ಟರೆ ಬೇರೇನು—

ಚರ್ಚಿನಲ್ಲಿ ಧರ್ಮಪಾಠ ಹೇಳುವ ಉಪದೇಶಿಗಳು ಬಾಗಿಲಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದಾರೆ: "ಇನ್ನಾಸಪ್ಪನವರೇ, ಪೂಜೆಗೆ ಹೊತ್ತಾಯಿತು, ಗಂಟೆ ಹೊಡೆಯೋರಿಲ್ಲ, ಬನ್ನಿ!" ಹೋಗಬೇಕು.