ಹುಲುಗಪ್ಪನ ಮಾತಿನ ಯಂತ್ರ

ತುಂಗಭದ್ರೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿ ಶರಭಯ್ಯನವರು ಧ್ಯಾನ ಕಲಿಸುತ್ತಿರಲಿಲ್ಲ. ಕೆಟ್ಟ ರೇಡಿಯೊ, ಫೋನು, ಸೋಲಾರ್ ದೀಪ ರಿಪೇರಿ ಮಾಡುವುದನ್ನು ಕಲಿಸುತ್ತಿದ್ದರು. ಸುತ್ತಲಿನವರು ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಶಿಷ್ಯೆ ನೀಲವ್ವ ಅವರಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿದವಳು. ಕೈ ಬಲು ಚುರುಕು. ಅನುಮಾನ ಬಂದದ್ದನ್ನು ಕಿತ್ತು ಹೊಸದು ಕೂರಿಸಿ ಮುಂದಿನ ಕೆಲಸಕ್ಕೆ ಹೋಗುವುದು ಅವಳ ರೂಢಿ.

ಒಂದು ಬೆಳಿಗ್ಗೆ ಆಚೆ ದಡದಿಂದ ಹರಗೋಲು ಹಾಕುವ ಹುಲುಗಪ್ಪ ಬಂದ. ಗಂಟಲಿನ ಆಪರೇಷನ್ ಆದ ಮೇಲೆ ಅವನ ಸ್ವರ ಹೋಗಿತ್ತು. ಟಾರ್ಚಿನಂಥ ಒಂದು ಯಂತ್ರವನ್ನು ಕುತ್ತಿಗೆಗೆ ಒತ್ತಿಕೊಂಡರೆ ಮಾತ್ರ ಮಾತು. ನಾಲ್ಕು ದಿನದ ಹಿಂದೆ ಅದು ಕೈಜಾರಿ ಬಿದ್ದಿತ್ತು. ಆಮೇಲೆ ಚಾರ್ಜ್ ಆಗುತ್ತಲೇ ಇರಲಿಲ್ಲ.

ಅವನು ಸ್ಲೇಟಿನ ಮೇಲೆ ಬರೆದು ತೋರಿಸಿದ. ‘ಇವತ್ತು ಸಂಜಿಗೆ ಮಗಳ ನಿಶ್ಚಯ. ಕೊಟ್ಟೀನಿ ಅಂತ ನಾನ ಹೇಳಬೇಕು.’

“ಆಗ್ತೈತಿ ಕಾಕಾ, ಕುಂದರ್ರಿ” ಎಂದಳು ನೀಲವ್ವ.

ಯಂತ್ರ ಬಿಚ್ಚಿ ಮೀಟರ್ ಹಿಡಿದಳು. ಬ್ಯಾಟರಿಗೆ ಚಾರ್ಜ್ ಹಾಕುವ ಚಿಪ್ ಒಂದು ಕರಿ ಹುಳದ ಹಾಗೆ ಬೋರ್ಡಿನ ಮೇಲೆ ಕೂತಿತ್ತು. ಅದರ ತನಕ ಕರೆಂಟು ಬರುತ್ತಿತ್ತು. ಅಲ್ಲಿಂದ ಬ್ಯಾಟರಿಗೆ ಹೋಗುತ್ತಿರಲಿಲ್ಲ.

“ಚಿಪ್ ಸತ್ತೈತ್ರಿ ಅಜ್ಜಾರ.”

ಶರಭಯ್ಯನವರು ರೇಡಿಯೊ ಒರೆಸುತ್ತಿದ್ದರು.

ನೀಲವ್ವ ಚಿಪ್ ಕಿತ್ತು ಡಬ್ಬಿಯಿಂದ ಹೊಸದೊಂದು ತೆಗೆದು ಕೂರಿಸಿದಳು. ಚಾರ್ಜ್ ಆಗುವುದನ್ನು ತೋರಿಸುವ ಕೆಂಪು ದೀಪ ಹತ್ತಲಿಲ್ಲ.

ಹೊಸದೇ ಕೆಟ್ಟದ್ದಿರಬೇಕು ಅಂದುಕೊಂಡು ಅದನ್ನೂ ಕಿತ್ತು ಮತ್ತೊಂದು ಕೂರಿಸಿದಳು. ಹತ್ತಲಿಲ್ಲ.

ಹುಲುಗಪ್ಪ ಬಾಗಿಲಿಗೆ ಹೋಗಿ ಹೊತ್ತು ಎಷ್ಟು ಏರಿದೆ ಎಂದು ನೋಡಿ ಬಂದ. ನೀಲವ್ವನ ಹಣೆ ಬೆವರಿತು. ಡಬ್ಬಿಯಲ್ಲಿ ಇನ್ನು ಒಂದೇ ಚಿಪ್ ಉಳಿದಿತ್ತು. ಅದಕ್ಕೆ ಕೈ ಹಾಕಿದಳು.

ಶರಭಯ್ಯನವರು ಎದ್ದು ಬಂದು ಚಿಪ್ ಬೆಸೆಯುವ ಸೋಲ್ಡರಿಂಗ್ ಐರನ್ನಿನ ವೈರನ್ನು ಗೋಡೆಯಿಂದ ಕಿತ್ತರು.

“ಅಜ್ಜಾರ! ಹೊತ್ತಿಲ್ರಿ!”

“ಅದಕ್ಕ ಕಿತ್ತೆ. ಚಿಪ್ಪಿಗೆ ಎಷ್ಟು ಕಾಲು?”

“ಎಂಟ್ರಿ.”

“ನೀನು ಎಷ್ಟು ಮುಟ್ಟಿ ನೋಡಿದಿ?”

ನೀಲವ್ವ ತಲೆ ತಗ್ಗಿಸಿದಳು. “ಎರಡು. ಕರೆಂಟು ಬರೂದು, ಹೋಗೂದು.”

“ಉಳಿದಾವು ಯಾಕ ಅದಾವು?”

ಅಷ್ಟು ಹೇಳಿ ಅವರು ಹೋಗಿ ರೇಡಿಯೊ ಮುಂದೆ ಕೂತರು.

ನೀಲವ್ವ ಚಿಪ್ಪಿನ ವಿವರವಿದ್ದ ಹಾಳೆ ಹುಡುಕಿ ತಂದು ಮಡಿಲಲ್ಲಿ ಹರಡಿಕೊಂಡಳು. ಒಂದೊಂದೇ ಕಾಲಿಗೆ ಮೀಟರಿನ ಮೊನೆ ತಾಗಿಸಿದಳು, ಹಾಳೆ ನೋಡಿದಳು. ಇದು ಸರಿ. ಇದೂ ಸರಿ. ಅವಸರದಲ್ಲಿ ಎರಡು ಸಲ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಹಿಡಿದಳು.

ಮೂಲೆಯ ಒಂದು ಕಾಲಿನ ಹತ್ತಿರ ನಿಂತುಬಿಟ್ಟಳು.

“ಅಜ್ಜಾರ, ಈ ಕಾಲು ಬ್ಯಾಟರಿ ಬಿಸಿ ಐತೋ ತಂಪೈತೋ ಅಂತ ಕೇಳತೈತಿ. ಇಲ್ಲಿ ಬರೂ ವೋಲ್ಟೇಜ್ ನೋಡಿದ್ರ ಬ್ಯಾಟರಿ ಐಸಿನಾಗ ಇಟ್ಟಂಗ ಐತಿ.”

“ಮುಟ್ಟಿ ನೋಡು.”

ಮುಟ್ಟಿದಳು. ಬ್ಯಾಟರಿ ಬೇಸಿಗೆಯ ಕಲ್ಲಿನ ಹಾಗೆ ಬೆಚ್ಚಗಿತ್ತು.

ಅದಕ್ಕೆ ಸುತ್ತಿದ್ದ ಹಳದಿ ಟೇಪನ್ನು ಮೆಲ್ಲಗೆ ಬಿಡಿಸಿದಳು. ಒಳಗೆ ಸಾಸಿವೆಯಷ್ಟು ಒಂದು ಮಣಿ. ಬ್ಯಾಟರಿಯ ಬಿಸಿ ಅಳೆಯುವುದು ಅದೇ. ಅದರಿಂದ ಬೋರ್ಡಿಗೆ ಹೋಗುವ ಕೂದಲೆಳೆಯಂಥ ತಂತಿ, ಯಂತ್ರ ಬಿದ್ದ ಏಟಿಗೆ ತುಂಡಾಗಿತ್ತು.

ಅಷ್ಟು ತಣ್ಣಗಿರುವ ಬ್ಯಾಟರಿಗೆ ಚಾರ್ಜ್ ಹಾಕಿದರೆ ಅದು ಹಾಳಾಗುತ್ತದೆ. ಚಿಪ್ ಅದಕ್ಕೇ ಕರೆಂಟು ತಡೆಹಿಡಿದಿತ್ತು. ಮೊದಲನೆಯದೂ ಹಾಗೆಯೇ, ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ.

ಶರಭಯ್ಯನವರು ಐರನ್ನಿನ ವೈರನ್ನು ತಾವೇ ಗೋಡೆಗೆ ಚುಚ್ಚಿದರು. ನೀಲವ್ವ ಉಸಿರು ಹಿಡಿದು ತಂತಿ ಬೆಸೆದಳು.

ಕೆಂಪು ದೀಪ ಹತ್ತಿತು.

ಹುಲುಗಪ್ಪ ಎರಡು ತಾಸು ಆ ದೀಪದ ಎದುರಿಂದ ಏಳಲಿಲ್ಲ. ಆಮೇಲೆ ಯಂತ್ರ ತೆಗೆದು ಕುತ್ತಿಗೆಗೆ ಒತ್ತಿಕೊಂಡ. ದುಂಬಿ ಗುಂಯ್‌ಗುಟ್ಟಿದಂಥ ಸ್ವರ ಬಂತು.

“ತಂಗಿ, ಮುಂಜಾನಿಂದ ಏನರ ತಿಂದೀಯಿಲ್ಲೋ?”

ನೀಲವ್ವನಿಗೆ ನಗುವೂ ಬಂತು, ಕಣ್ಣೂ ತುಂಬಿತು. “ನೀವು ಹೊಂಡ್ರಿ ಕಾಕಾ. ಬೀಗರು ಬಂದಾರು.”

ಅವನು ಹರಗೋಲು ಹತ್ತಿದ. ಒಂದು ಕೈಯಲ್ಲಿ ಹುಟ್ಟು, ಒಂದು ಕೈಯಲ್ಲಿ ಯಂತ್ರ. “ಕೊಟ್ಟೀನಿ, ನನ್ನ ಮಗಳನ್ನ ನಿಮ್ಮನಿಗೆ ಕೊಟ್ಟೀನಿ” ಎಂದು ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಾ ಹೋದ. ಸ್ವರ ನೀರಿನ ಮೇಲೆ ಬಹಳ ದೂರದ ತನಕ ಕೇಳಿಸಿತು.

ನೀಲವ್ವ ಕಿತ್ತುಹಾಕಿದ್ದ ಎರಡು ಚಿಪ್‌ಗಳನ್ನು ಅಂಗೈಯಲ್ಲಿ ಹಿಡಿದು ಗುರುಗಳ ಹತ್ತಿರ ಬಂದಳು.

“ಇವು ಚಲೋನ ಇದ್ವು ಅಜ್ಜಾರ. ಬ್ಯಾಟರಿ ತಂಪೈತಿ ಅಂತ ಇವಕ್ಕ ಸುಳ್ಳು ಹೇಳಿದ್ದು ಯಾರು?”

“ಯಾರೂ ಹೇಳಲಿಲ್ಲವ್ವಾ. ಹೇಳೂ ತಂತಿ ಸುಮ್ಮನಾತು. ಸುಮ್ಮನಿದ್ದದ್ದನ್ನ ಚಿಪ್ ತಂಪು ಅಂತ ತಿಳೀತು. ಚಿಪ್ ಸುಮ್ಮನಾದಾಗ ನೀನು ಏನಂತ ತಿಳಿದಿ?”